ಭಾವನ ಬೆನ್ನು, ಸರ್ಕಾರದ ಐದು ಕಿಲೋ

ನಮ್ಮ ಭಾವನ ಬೆನ್ನು ಬಾಗಿದ್ದು ಯಾವಾಗ ಎಂದು ಯಾರಿಗೂ ಗೊತ್ತಿಲ್ಲ. ಅದು ಬಾಗಿದೆ ಎಂದು ಅವರಿಗೆ ಗೊತ್ತಾದದ್ದು ಮಾತ್ರ ಒಂದು ಮಂಗಳವಾರ ಬೆಳಗ್ಗೆ ಹನ್ನೊಂದೂಕಾಲಿಗೆ, ಅವರ ಕಚೇರಿಯ ಮೆಟ್ಟಿಲ ಮೇಲೆ. ನಿವೃತ್ತರಾಗುತ್ತಿದ್ದ ಅಧಿಕಾರಿಯ ಜೊತೆ ಎಲ್ಲರೂ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಫೋಟೋಗ್ರಾಫರ್ ಕ್ಯಾಮೆರಾದ ಹಿಂದಿನಿಂದ ತಲೆ ಎತ್ತಿ, "ಕೊನೇಲಿ ನಿಂತಿರೋ ಅಜ್ಜ, ಸ್ವಲ್ಪ ನೆಟ್ಟಗೆ ನಿಂತ್ಕೊಳ್ಳಿ" ಎಂದ. ಯಾರಪ್ಪ ಈ ಅಜ್ಜ ಎಂದು ಭಾವ ಪಕ್ಕಕ್ಕೆ ತಿರುಗಿ ನೋಡಿದರು. ಪಕ್ಕದಲ್ಲಿ ಗೋಡೆ ಇತ್ತು.

ಭಾವನಿಗೆ ಆಗ ಐವತ್ತೊಂದು. ಅಂಗಡಿಗಳ ತಕ್ಕಡಿ, ತೂಕದ ಕಲ್ಲು ಸರಿಯಿವೆಯೇ ಎಂದು ನೋಡಿ ಮುದ್ರೆ ಒತ್ತುವ ಕಚೇರಿ ಇದೆಯಲ್ಲ, ಅಲ್ಲಿ ಮಾದರಿ ತೂಕಗಳ ಪಾಲಕರು ಅವರು. ಈ ಕಲ್ಲುಗಳು ಕಬ್ಬಿಣದವು. ಆದರೂ ಮಾರುಕಟ್ಟೆಯಲ್ಲಿ ನಾವು ಕಲ್ಲು ಎಂದೇ ಕರೆಯುತ್ತೇವೆ. ಊರಿನ ಎಲ್ಲ ಕಲ್ಲುಗಳನ್ನೂ ಕಚೇರಿಯ ಮಾದರಿ ಕಲ್ಲಿಗೆ ಹೋಲಿಸಿ ನೋಡಬೇಕು. ಮಾದರಿ ಕಲ್ಲನ್ನು ಯಾವುದಕ್ಕೂ ಹೋಲಿಸುವ ಹಾಗಿಲ್ಲ. ಅದರ ಬೀರುವಿನ ಬೀಗದ ಕೈ ಇಪ್ಪತ್ತಾರು ವರ್ಷಗಳಿಂದ ಭಾವನ ಸೊಂಟದಲ್ಲಿತ್ತು, ಆ ಬೀಗದ ಕೈಯ ಗತ್ತು ಅವರ ಮುಖದಲ್ಲಿತ್ತು. ಅಂಥವರಿಗೆ ಅಜ್ಜ ಎಂದರೆ ಹೇಗಾಗಬೇಡ?

ಮರುದಿನವೇ ನನ್ನನ್ನು ಎಳೆದುಕೊಂಡು ಆಸ್ಪತ್ರೆಗೆ ಹೋದರು. ನಾನು ಯಾರೆಂದರೆ ಅವರ ಹೆಂಡತಿಯ ತಮ್ಮ. ಮಾರುಕಟ್ಟೆಯಲ್ಲಿ ಅಪ್ಪ ಬಿಟ್ಟುಹೋದ ದಿನಸಿ ಅಂಗಡಿ ನನ್ನದು. ಮನೆಯ ಕೆಳಭಾಗದಲ್ಲಿ ನಾನು ಮತ್ತು ನನ್ನ ಹೆಂಡತಿ, ಮೇಲ್ಭಾಗದಲ್ಲಿ ಅಕ್ಕ ಮತ್ತು ಭಾವ. ಅವರ ಮನೆಯ ನೆಲವೇ ನಮ್ಮ ಮನೆಯ ಸೂರು. ಈ ಸಂಗತಿ ಮುಂದೆ ಬೇಕಾಗುತ್ತದೆ.

ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ಭಾವನ ಬೆನ್ನನ್ನು ಎರಡು ಕಡೆ ಒತ್ತಿ ನೋಡಿ, "ಮೂಳೆ ಚೆನ್ನಾಗಿದೆ. ಸ್ನಾಯು ಸೋತಿದೆ" ಎಂದರು. ಆಮೇಲೆ ಚಿತ್ರ ಬರೆದ ಒಂದು ಹಾಳೆ ಕೊಟ್ಟರು. "ಬೆಂಚಿನ ಮೇಲೆ ಎಡ ಮೊಣಕಾಲು, ಎಡಗೈ ಊರಿ. ಬಲಗಾಲು ನೆಲದ ಮೇಲಿರಲಿ. ಬೆನ್ನು ಮೇಜಿನ ಹಾಗೆ ಸಮ ಇರ್ಬೇಕು. ಬಲಗೈಲಿ ಡಂಬಲ್ ಹಿಡಿದು, ಮೊಣಕೈಯನ್ನ ಮೈಗೆ ಒತ್ತಿಕೊಂಡು ಸೊಂಟದ ತನಕ ಎಳೀರಿ. ನಿಧಾನವಾಗಿ ಇಳಿಸಿ. ಒಂದು ಸಲಕ್ಕೆ ಹತ್ತು, ಹಾಗೆ ಮೂರು ಸಲ. ಹಾಳೆಯ ಎರಡೂ ಕಡೆ ನೋಡ್ಕೊಳ್ಳಿ. ಡಂಬಲ್ ಸುಮಾರು ಐದು ಕಿಲೋ ಇದ್ರೆ ಸಾಕು."

"ಸುಮಾರು?" ಎಂದರು ಭಾವ.

"ಹೌದು, ಸುಮಾರು ಐದು."

ಆ ಶಬ್ದ ಕೇಳಿದರೆ ಭಾವನಿಗೆ ಮೈ ಉರಿಯುತ್ತದೆ. ಅಕ್ಕನನ್ನು ನೋಡಲು ಬಂದಾಗ ನಮ್ಮಪ್ಪ, "ಹುಡುಗಿಗೆ ಸುಮಾರು ಇಪ್ಪತ್ತು" ಎಂದದ್ದಕ್ಕೆ ಜನ್ಮದಿನಾಂಕ ಬರೆಸಿಕೊಂಡು ಹೋದವರು ಅವರು. ಡಾಕ್ಟರಮ್ಮನ ಮುಂದೆ ಹಲ್ಲು ಕಚ್ಚಿ ಸುಮ್ಮನಿದ್ದು, ಹಾಳೆ ಮಡಚಿ ಜೇಬಿಗಿಟ್ಟುಕೊಂಡು, ಸೀದಾ ಆಟದ ಸಾಮಾನಿನ ಅಂಗಡಿಗೆ ನಡೆದರು. ಅಂಗಡಿಯವನು ಐದು ಕಿಲೋದ ಡಂಬಲ್ ತಂದು ಮುಂದಿಟ್ಟ. ಭಾವ ಅದನ್ನು ತಲೆಕೆಳಗು ಮಾಡಿದರು, ಕನ್ನಡಕ ಏರಿಸಿ ಎರಡೂ ತುದಿ ನೋಡಿದರು.

"ಮುದ್ರೆ ಎಲ್ಲಿ?"

"ಕಂಪನಿ ಹೆಸರು ಇದೆಯಲ್ಲ ಸಾರ್."

"ಹೆಸರು ನನಗೂ ಇದೆ. ಮುದ್ರೆ ಎಲ್ಲಿ ಅಂತ ಕೇಳ್ದೆ."

ಡಂಬಲ್ಲನ್ನೂ ಅಂಗಡಿಯವನನ್ನೂ ನನ್ನ ಅಂಗಡಿಗೆ ಕರೆತಂದು ತಕ್ಕಡಿಗೆ ಹಾಕಿಸಿದರು. ಡಂಬಲ್ಲನ್ನು ಮಾತ್ರ. ನಾಲ್ಕು ಕಿಲೋ ಎಂಟುನೂರ ಎಪ್ಪತ್ತು ಗ್ರಾಂ ತೂಗಿತು. "ನೋಡಿದ್ಯಾ? ನೂರಮೂವತ್ತು ಗ್ರಾಂ ಸುಳ್ಳು! ದಿನಕ್ಕೆ ಮೂವತ್ತು ಸಲ ಎತ್ತಿದ್ರೆ ಹತ್ತಿರ ಹತ್ತಿರ ನಾಲ್ಕು ಕಿಲೋ ಸುಳ್ಳು. ಇಂಥದ್ದನ್ನ ಎತ್ತಿ ಬರೋ ಬೆನ್ನು ಎಂಥ ಬೆನ್ನಾಗುತ್ತಯ್ಯಾ?"

"ಸಾರ್, ಅದು ಬೆನ್ನಿಗೆ ಹೇಗೆ ಗೊತ್ತಾಗುತ್ತೆ?" ಎಂದ ಅಂಗಡಿಯವನು.

"ನನಗೆ ಗೊತ್ತಾಗುತ್ತಲ್ಲ!"

ಮುದ್ರೆಯಿಲ್ಲದ ತೂಕವನ್ನು ಕೈಯಲ್ಲಿ ಮುಟ್ಟುವುದಿಲ್ಲ ಎಂದು ಘೋಷಿಸಿ ಭಾವ ಮನೆಗೆ ಹೋದರು. ಅಲ್ಲಿಗೆ ಬೆನ್ನಿನ ಕಥೆ ಮುಗಿಯಿತು ಎಂದುಕೊಂಡು ನಾನು ಸಕ್ಕರೆ ಕಟ್ಟುವುದಕ್ಕೆ ಕೂತೆ.

ಆರೇಳು ವಾರಗಳಾಗಿರಬೇಕು. ಒಂದು ಶನಿವಾರ ಮಧ್ಯಾಹ್ನ ಅಕ್ಕ ಅಂಗಡಿಗೆ ಬಂದಳು. ಮುಖ ಸಪ್ಪಗಿತ್ತು. ನಮ್ಮ ಎದುರು ಮನೆಯ ನಿವೃತ್ತ ಹೆಡ್‌ಮೇಡಂ ಬೆನ್ನಿಗೇ ಇದ್ದರು. ಬೀದಿಯಲ್ಲಿ ಯಾರ ಮುಖ ಸಪ್ಪಗಿದ್ದರೂ ಅವರ ಬೆನ್ನಿಗೆ ಹೆಡ್‌ಮೇಡಂ ಇರುತ್ತಾರೆ.

"ನೀನು ತೂಕದವನು, ಹೇಳು" ಎಂದಳು ಅಕ್ಕ. "ಬೆಳಗ್ಗೆ ನಿಮ್ಮ ಭಾವನಿಗೆ ಊಟ ತುಂಬಿ ಚೀಲ ಕೊಟ್ಟು ಕಳಿಸ್ತೀನಿ. ಸಂಜೆ ಅದು ಹಗುರವಾಗಿ ಬರ್ಬೇಕೋ ಬೇಡ್ವೋ?"

"ಬರ್ಬೇಕು."

"ಭಾರವಾಗಿ ಬರ್ತಿದೆ ಕಣೋ! ಎತ್ತಿ ನೋಡೋಣ ಅಂದ್ರೆ ಕೈಗೇ ಕೊಡಲ್ಲ. ಮೊನ್ನೆ ಬಾಗಿಲಲ್ಲಿ ಕಿತ್ಕೊಳ್ಳೋಕೆ ಹೋದೆ, ನನ್ನ ಭುಜ ಕಳಚಿಬರೋ ಹಾಗಾಯ್ತು. ಯಾವಳೋ ತುಂಬಿ ತುಂಬಿ ಕಳಿಸ್ತಿದಾಳೆ."

"ಯಾರು?"

"ಅದು ಗೊತ್ತಿದ್ರೆ ನಿನ್ನ ಹತ್ರ ಯಾಕೆ ಬರ್ತಿದ್ದೆ? ಮನೆಗೆ ಬಂದವರೇ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕ್ಕೋತಾರೆ. ಒಳಗಿಂದ ಏದುಸಿರು ಕೇಳುತ್ತೆ. ಆಮೇಲೆ ಕನ್ನಡಿ ಮುಂದೆ ಅಡ್ಡ ತಿರುಗಿ ನಿಂತ್ಕೊಂಡು ನಗ್ತಾರೆ."

"ಪತ್ರ ಬರೀತಿರ್ತಾರೆ" ಎಂದರು ಹೆಡ್‌ಮೇಡಂ.

"ಪತ್ರ ಬರೆಯೋಕೆ ಏದುಸಿರು ಯಾಕೆ ಮೇಡಂ?" ಎಂದೆ.

"ದೊಡ್ಡ ಪತ್ರ ಇರ್ಬಹುದು."

ಅಕ್ಕ ಗಳಗಳನೆ ಅತ್ತುಬಿಟ್ಟಳು. ಒಡಹುಟ್ಟಿದವಳ ಕಣ್ಣೀರು ನೋಡಿಕೊಂಡು ಅಕ್ಕಿ ತೂಗುವ ಕಲ್ಲುಮನಸ್ಸು ನನ್ನದಲ್ಲ. ಅಂದು ಸಂಜೆ ಆರಕ್ಕೆ ಅಂಗಡಿ ಮುಚ್ಚಿ, ಬೆಕ್ಕಿನ ಹೆಜ್ಜೆ ಇಟ್ಟುಕೊಂಡು ಅಕ್ಕನ ಜೊತೆ ಮೆಟ್ಟಿಲು ಹತ್ತಿದೆ. ಅಕ್ಕ ಮನೆಯಲ್ಲೇ ಪರದೆ ಹೊಲಿದು ಕೊಡುತ್ತಾಳೆ. ಕಿಟಕಿಯ ಪರದೆ ಗಾಳಿಗೆ ಹಾರದೆ ನೆಟ್ಟಗೆ ಇಳಿಬೀಳಬೇಕೆಂದರೆ ಅದರ ಕೆಳ ಅಂಚಿನ ಮಡಿಕೆಯಲ್ಲಿ ಸೀಸದ ಗುಂಡುಗಳನ್ನು ಇಟ್ಟು ಹೊಲಿಯಬೇಕು. ಅವತ್ತೂ ಹೊಲಿಯುತ್ತಿದ್ದವಳು ಹಾಗೇ ಎದ್ದು ಬಂದಿದ್ದರಿಂದ ಗುಂಡಿನ ಡಬ್ಬಿ ಅವಳ ಕೈಯಲ್ಲೇ ಇತ್ತು.

ಬಾಗಿಲ ಸಂದಿಯಲ್ಲಿ ಇಣುಕಿದೆವು. ಮುಸ್ಸಂಜೆಯ ಮಬ್ಬಿನಲ್ಲಿ ಮೊದಲು ಕಂಡದ್ದು ಭಾವನ ಹಿಂಭಾಗ. ಎಡ ಮೊಣಕಾಲು, ಎಡಗೈ ಬೆಂಚಿನ ಮೇಲೆ. ತಲೆ ಗೋಡೆಯ ಕಡೆ. ಬಲಗೈಯಲ್ಲಿ ಏನೋ ಕಪ್ಪಗಿನದನ್ನು ನೆಲದಿಂದ ಸೊಂಟಕ್ಕೆ ಎಳೆಯುತ್ತಾರೆ, ಇಳಿಸುತ್ತಾರೆ, ಮತ್ತೆ ಎಳೆಯುತ್ತಾರೆ. "ಐದು ಕಿಲೋ ಏಳು ಸಲ, ಮೂವತ್ತೈದು ಕಿಲೋ... ಐದು ಕಿಲೋ ಎಂಟು ಸಲ, ನಲವತ್ತು ಕಿಲೋ..." ಎಂದು ಸಣ್ಣ ದನಿಯಲ್ಲಿ ಹೇಳಿಕೊಳ್ಳುತ್ತಿದ್ದರು. ಬಲಗೈಗೆ ಬಿಳಿಯ ಕೈಗವಸು ತೊಟ್ಟಿದ್ದರು. ಮಾದರಿ ತೂಕವನ್ನು ಬರಿಗೈಯಲ್ಲಿ ಮುಟ್ಟಿದರೆ ಬೆವರಿಗೆ ತುಕ್ಕು ಹಿಡಿಯುತ್ತದೆ ಎಂಬ ನಿಯಮವೊಂದನ್ನು ಮಾತ್ರ ಅವರು ಮುರಿದಿರಲಿಲ್ಲ.

"ಏನ್ರೀ ಅದು!" ಎಂದು ಅಕ್ಕ ಬಾಗಿಲು ನೂಕಿ ಕೂಗಿದಳು.

ಐದು ಕಿಲೋ ಒಂಬತ್ತನೆಯ ಸಲ ಮೇಲೆ ಬರಲಿಲ್ಲ. ಧಡಾರನೆ ಕೆಳಗೆ ಹೋಯಿತು. ಆ ಸದ್ದಿಗೆ ಅಕ್ಕನ ಕೈಯ ಡಬ್ಬಿಯೂ ಬಿತ್ತು. ನಮ್ಮ ಮನೆಯಲ್ಲಿ ನನ್ನ ಹೆಂಡತಿಯ ಚಹಾದೊಳಕ್ಕೆ ಅಂಗೈಯಗಲದ ಗಾರೆ ಬಿತ್ತು. ಅವಳ ಕೂಗು ಕೇಳಿ ಎದುರು ಮನೆಯ ಕಿಟಕಿ ತೆರೆಯಿತು.

ಮಾದರಿ ಕಲ್ಲಿಗೆ ಮೇಲೊಂದು ಹಿಡಿ ಇರುತ್ತದೆ. ಹೊಟ್ಟೆಯಲ್ಲೊಂದು ತೂತು, ತೂಕ ಕರಾರುವಾಕ್ಕಾಗಲಿ ಎಂದು ಅದರೊಳಗೆ ಸೀಸದ ಗುಂಡು ತುಂಬಿ, ಬಾಯಿಗೆ ಸೀಸದ ಬಿರಡೆ ಜಡಿದು, ಅದರ ಮೇಲೆ ಮುದ್ರೆ ಒತ್ತಿರುತ್ತಾರೆ. ಬಿದ್ದ ಏಟಿಗೆ ಬಿರಡೆ ಇಡಿಯಾಗಿ ಹಾರಿ, ಗುಂಡುಗಳು ಕೋಣೆಯ ತುಂಬ ಉರುಳಿದವು.

"ಹೆಕ್ಕಿ! ಹೆಕ್ಕಿ! ಒಂದೂ ಹೊರಗುಳೀಬಾರ್ದು, ಸರ್ಕಾರದ್ದು!" ಎಂದು ಭಾವ ನಾಲ್ಕು ಕಾಲಿನ ಮೇಲೆ ಬಿದ್ದರು. ಅಕ್ಕ ಬಿದ್ದಳು. ನಾನೂ ಬಿದ್ದೆ. ಹೆಕ್ಕುತ್ತ ಹೆಕ್ಕುತ್ತಲೇ ಭಾವ ಎಲ್ಲವನ್ನೂ ಒಪ್ಪಿಕೊಂಡರು: ದಿನಾ ಸಂಜೆ ಊಟದ ಚೀಲದಲ್ಲಿ ಕಲ್ಲನ್ನು ಮನೆಗೆ ತರುವುದು, ಬೆಳಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಬೀರುವಿನಲ್ಲಿಡುವುದು, ಮುಂದಿನ ಫೋಟೋದಲ್ಲಿ ನೆಟ್ಟಗೆ ನಿಂತು ಆ ಫೋಟೋಗ್ರಾಫರನ ಬಾಯಿ ಮುಚ್ಚಿಸುವುದು. ಅಕ್ಕನಿಗೆ ಎಷ್ಟು ಸಮಾಧಾನವಾಯಿತೆಂದರೆ, ಬೆಂಚಿನ ಕೆಳಗೆ ತಲೆಯಿಟ್ಟುಕೊಂಡೇ ಬಿದ್ದು ಬಿದ್ದು ನಕ್ಕಳು. "ಅಯ್ಯೋ, ಕಬ್ಬಿಣವಾ!" ಎಂದಳು. ಗಂಡನ ಚೀಲದಲ್ಲಿ ಕಬ್ಬಿಣ ಸಿಕ್ಕಿದ್ದಕ್ಕೆ ಅಷ್ಟು ಸಂತೋಷಪಟ್ಟ ಹೆಂಗಸನ್ನು ನಾನು ಬೇರೆ ಕಂಡಿಲ್ಲ.

ನಾನು ಕೋಣೆಯ ಬಟ್ಟೆ ಬೀರುವಿನ ಅಡಿಗೆ ಹೊಟ್ಟೆ ಎಳೆದುಕೊಂಡು ನುಗ್ಗಿ, ಮೂಲೆ ಸೇರಿದ್ದ ಆರು ಗುಂಡುಗಳನ್ನು ಹೆಕ್ಕಿ ತಂದು ಭಾವನ ಅಂಗೈಗೆ ಹಾಕಿದೆ. "ಭೇಷ್" ಎಂದರು. ಜೀವನದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು. ಉಳಿದವುಗಳ ಜೊತೆ ಆ ಆರನ್ನೂ ತೂತಿಗೆ ತುಂಬಿ, ಬಿರಡೆ ಇಟ್ಟು, ಸೌಟಿನ ಹಿಂಬದಿಯಿಂದ ಕುಟ್ಟಿ ಕೂರಿಸಿದರು. ಮುದ್ರೆಗೆ ಒಂದು ಗೀರೂ ಬಿದ್ದಿರಲಿಲ್ಲ. "ನೋಡು, ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ" ಎಂದರು. ಅಂದಿಗೆ ವ್ಯಾಯಾಮ ನಿಂತಿತು. ಕಲ್ಲು ಸೋಮವಾರ ಬೆಳಗ್ಗೆ ಕಚೇರಿಯ ಬೀರು ಸೇರಿತು.

ಅದೇ ಸೋಮವಾರ ಹೊಸ ಅಧಿಕಾರಿ ಬಂದರು. ಮೂವತ್ತರ ಹರೆಯದ ಹೆಣ್ಣುಮಗಳು, ಮಾತು ಕಡಿಮೆ, ನಿಯಮದ ಪುಸ್ತಕ ಬಾಯಿಪಾಠ. ಕುರ್ಚಿಯಲ್ಲಿ ಕೂರುವ ಮೊದಲೇ, "ಇವತ್ತೇ ಇಡೀ ಮಾರುಕಟ್ಟೆ ತಪಾಸಣೆ. ಮಾದರಿ ತೂಕ ತಗೊಂಡು ಬನ್ನಿ" ಎಂದರಂತೆ. ಭಾವ ಬಿಳಿ ಕೈಗವಸು ತೊಟ್ಟು, ಐದು ಕಿಲೋವನ್ನು ಪೆಟ್ಟಿಗೆಯಲ್ಲಿಟ್ಟು ಹೊರಿಸಿಕೊಂಡು, ಮೆರವಣಿಗೆ ಬಂದ ಹಾಗೆ ಬಂದರು.

ಮೊದಲು ಮೊಳೆ ಅಂಗಡಿ. ಒಂದು ತಟ್ಟೆಗೆ ಮಾದರಿ, ಇನ್ನೊಂದಕ್ಕೆ ಅಂಗಡಿಯ ಕಲ್ಲು. ಅಂಗಡಿಯದು ನೂರಿಪ್ಪತ್ತು ಗ್ರಾಂ ಕಡಿಮೆ. ಮೊಳೆಯವನು ಆಣೆ ಪ್ರಮಾಣ ಮಾಡಿದ. ಎರಡನೆಯದು ತರಕಾರಿ ಅಂಗಡಿ. ನೂರಿಪ್ಪತ್ತು ಗ್ರಾಂ ಕಡಿಮೆ. ಮೂರನೆಯದು ಹಿಟ್ಟಿನ ಗಿರಣಿ, ನೂರಿಪ್ಪತ್ತು. ಹೊಸ ಅಧಿಕಾರಿಯ ಹುಬ್ಬು ಅಂಗಡಿಯಿಂದ ಅಂಗಡಿಗೆ ಮೇಲೇರುತ್ತ ಹೋಯಿತು. ವರ್ತಕರ ಸಂಘದ ಅಧ್ಯಕ್ಷರಾದ ಎಣ್ಣೆ ವ್ಯಾಪಾರಿಯದು ನೂರ ಎಂಬತ್ತು ಗ್ರಾಂ ಕಡಿಮೆ ಬಂತು. ಅಧ್ಯಕ್ಷರಲ್ಲವೇ, ಅರವತ್ತು ಗ್ರಾಂ ಹೆಚ್ಚುವರಿ ಇರಬಹುದೆಂದು ಯಾರೂ ಅದನ್ನು ಗಮನಿಸಲಿಲ್ಲ.

ಕೊನೆಗೆ ನನ್ನ ಅಂಗಡಿ. ನನ್ನ ಐದು ಕಿಲೋ ಕಲ್ಲು ಅಪ್ಪನ ಕಾಲದ್ದು. ಅದರ ಮೈಮೇಲೆ ವರ್ಷಕ್ಕೊಂದರಂತೆ ಮೂವತ್ತೊಂದು ಮುದ್ರೆಗಳಿವೆ. ಕೊನೆಯ ಇಪ್ಪತ್ತಾರು ಭಾವನೇ ಒತ್ತಿದ್ದು. ತಟ್ಟೆ ಮೇಲೆದ್ದಿತು. ನೂರಿಪ್ಪತ್ತು ಗ್ರಾಂ ಕಡಿಮೆ.

"ಭಾವ, ಹೋದ ವರ್ಷ ನೀವೇ ಅಲ್ವಾ ಮುದ್ರೆ ಒತ್ತಿದ್ದು?"

"ಕಚೇರಿ ಸಮಯದಲ್ಲಿ ನಾನು ಯಾರ ಭಾವನೂ ಅಲ್ಲ" ಎಂದು ಭಾವ ಗೋಡೆ ನೋಡಿದರು. ಆದರೆ ಅವರ ಮುಖದಲ್ಲಿ ರಕ್ತವಿರಲಿಲ್ಲ.

"ಒಬ್ಬರಿಬ್ಬರದ್ದು ಕಡಿಮೆ ಇದ್ದಿದ್ರೆ ಸವೆತ ಅನ್ಬಹುದಿತ್ತು" ಎಂದರು ಅಧಿಕಾರಿ. "ಎಲ್ಲರದ್ದೂ ಅಳೆದು ಕತ್ತರಿಸಿದ ಹಾಗೆ ನೂರಿಪ್ಪತ್ತು! ಇದು ಮಾತಾಡ್ಕೊಂಡು ಮಾಡಿದ ಮೋಸ. ಗುರುವಾರ ವಿಚಾರಣೆ. ಸಾಬೀತಾದ್ರೆ ಎಲ್ಲರ ಪರವಾನಗಿ ರದ್ದು." ನಲವತ್ತು ಅಂಗಡಿಗಳ ಬಾಗಿಲಿಗೆ ಕೆಂಪು ಚೀಟಿ ಅಂಟಿತು: ತೂಕದಲ್ಲಿ ವಂಚನೆ.

ಎಂಥೆಂಥ ನಷ್ಟಗಳನ್ನೋ ತಡೆದುಕೊಂಡವನು ನಾನು. ಆ ಚೀಟಿಯನ್ನು ಮಾತ್ರ ತಡೆಯಲಾಗಲಿಲ್ಲ. ಮುಚ್ಚಿದ ಅಂಗಡಿಯ ಮುಂದೆ ಕೂತಿದ್ದಾಗ, ಅಪ್ಪನ ಕಾಲದಿಂದ ನಮ್ಮಲ್ಲೇ ಅಕ್ಕಿ ಕೊಳ್ಳುತ್ತಿದ್ದ ಅಜ್ಜಿಯೊಬ್ಬರು ಬಂದರು. ಚೀಟಿ ಓದಿದರು, ನನ್ನ ಮುಖ ನೋಡಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ನಿಮ್ಮಪ್ಪನೂನಾ?" ಎಂದಷ್ಟೇ ಕೇಳಿ ಹೊರಟುಹೋದರು.

ಮನೆಯಲ್ಲೂ ಎರಡು ಪಕ್ಷಗಳಾದವು. "ಸ್ವಂತ ಭಾವಮೈದನ ಬಾಗಿಲಿಗೆ ಚೀಟಿ ಅಂಟಿಸಿದವರ ಮುಖ ನೋಡಲ್ಲ" ಎಂದು ನನ್ನ ಹೆಂಡತಿ ಸೂರು ನೋಡಿಕೊಂಡು ಗಟ್ಟಿಯಾಗಿ ಹೇಳಿದಳು. "ಸರಿಯಾಗಿ ತೂಗಿದ್ರೆ ಚೀಟಿ ಯಾಕೆ ಅಂಟುತ್ತೆ?" ಎಂದು ಸೂರಿನಿಂದ ಉತ್ತರ ಬಂತು. ಗಾರೆ ಬಿದ್ದ ಜಾಗದಲ್ಲಿ ಸೂರು ತೆಳ್ಳಗಾಗಿದ್ದರಿಂದ ಮಾತು ಸಲೀಸಾಗಿ ಓಡಾಡುತ್ತಿತ್ತು. ಹೆಡ್‌ಮೇಡಂ ಎರಡೂ ಮನೆಗಳಿಗೆ ಹೋಗಿ ಎರಡೂ ಕಡೆ ಚಹಾ ಕುಡಿದು ಬಂದರು.

ಬುಧವಾರ ಮಧ್ಯಾಹ್ನ ಅಕ್ಕ ಡಬ್ಬಿ ಹಿಡಿದುಕೊಂಡು ಮೆಟ್ಟಿಲಿಳಿದು ನಮ್ಮ ಮನೆಗೆ ಓಡಿಬಂದಳು. ಹೊಸ ಅಧಿಕಾರಿಯ ಕೋಣೆಗೆ ನೀಲಿ ಪರದೆ ಹೊಲಿಯುವ ಕೆಲಸ ಹಿಂದಿನ ವಾರವೇ ಅವಳಿಗೆ ಸಿಕ್ಕಿತ್ತು. ಕೊನೆಯ ಪರದೆಗೆ ಬಂದಾಗ ಗುಂಡು ಸಾಲಲಿಲ್ಲ.

"ಆರು ಗುಂಡು ಕಡಿಮೆ ಕಣೋ! ಹೊಸ ಡಬ್ಬಿ, ಎಣಿಸಿ ತಂದಿದ್ದೆ. ಅವತ್ತು ಬಿತ್ತಲ್ಲ, ಆಗಲೇ..."

"ಒಂದು ಗುಂಡು ಎಷ್ಟು ತೂಕ ಅಕ್ಕ?"

"ಇಪ್ಪತ್ತು ಗ್ರಾಂ."

ಆರು ಇಪ್ಪತ್ತಲೆ ಎಷ್ಟೆಂದು ದಿನಸಿ ಅಂಗಡಿಯವನಿಗೆ ಕಾಗದ ಬೇಕಾಗುವುದಿಲ್ಲ. ಬೀರುವಿನ ಅಡಿಯ ಕತ್ತಲು, ನನ್ನ ಅಂಗೈಯ ಆರು ಗುಂಡುಗಳು, ಭಾವನ "ಭೇಷ್" ಎಲ್ಲವೂ ಕಣ್ಣ ಮುಂದೆ ಬಂದವು. ನಲವತ್ತು ಅಂಗಡಿಗಳಿಗೆ ಚೀಟಿ ಅಂಟಿಸಿದವನು ಬೇರೆ ಯಾರೂ ಅಲ್ಲ, ನಾನೇ.

ಚೀಲದ ಸಹವಾಸವೇ ಬೇಡವೆಂದು ಸೋಮವಾರದಿಂದ ಊಟಕ್ಕೆ ಮನೆಗೇ ಬರುತ್ತಿದ್ದ ಭಾವ ಕೇಳಿದವರೇ ಕುರ್ಚಿಯಲ್ಲಿ ಕುಸಿದರು. "ಮಾದರಿ ತಪ್ಪಾ?" ಎಂದರು. ಸೊಂಟದ ಬೀಗದ ಕೈ ಮುಟ್ಟಿ ನೋಡಿಕೊಂಡು ಮತ್ತೆ, "ಮಾದರಿ ತಪ್ಪಾ?" ಎಂದರು.

"ರೀ, ಸುಮ್ನೆ ಆ ಆರು ಗುಂಡು ತೆಗೆದು ನನ್ನ ಡಬ್ಬಿಗೆ ಹಾಕ್ಬಿಡಿ. ಬೀಗದ ಕೈ ನಿಮ್ಮ ಹತ್ರನೇ ಇದೆ. ನಾಳೆ ಎಲ್ಲರದ್ದೂ ಸರಿಯಾಗುತ್ತೆ, ನಿಮ್ಮ ಕೆಲಸನೂ ಉಳಿಯುತ್ತೆ" ಎಂದಳು ಅಕ್ಕ. ನಾನೂ ತಲೆಯಾಡಿಸಿದೆ. ನಾಚಿಕೆಯಾದರೂ ಹೇಳುತ್ತೇನೆ, ಜೋರಾಗಿಯೇ ಆಡಿಸಿದೆ.

ಭಾವ ಮುಂದಿದ್ದ ತಟ್ಟೆ ಸರಿಸಿದರು. ಆಮೇಲೆ, "ಸೋಮವಾರ ಕಡಿಮೆ, ಗುರುವಾರ ಸರಿ ಅಂದ್ರೆ ಜನ ಏನಂತಾರೆ? ಮಧ್ಯದಲ್ಲಿ ಕಳ್ಳಕಲ್ಲು ಬದಲಾಯಿಸಿದ್ರು ಅಂತಾರೆ. ನನ್ನ ಕೆಲಸ ಉಳಿಯುತ್ತೆ, ನಿಮ್ಮಪ್ಪನ ಹೆಸರು ಉಳಿಯಲ್ಲ" ಎಂದರು. ಬಡಿಸಿದ ಊಟ ಮುಟ್ಟದೆ ಎದ್ದರು.

ಗುರುವಾರ ಕಚೇರಿಯ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಣ್ಣೆ ವ್ಯಾಪಾರಿ ಎದ್ದು ನಿಂತು ಅರ್ಧ ಗಂಟೆ ಮಾತಾಡಿದರು. "ನನ್ನ ಎದೆ ಸೀಳಿ ನೋಡಿ, ಒಂದು ಗ್ರಾಂ ಮೋಸ ಇದ್ರೆ ಕೇಳಿ" ಎಂದು ಕಣ್ಣೊರೆಸಿಕೊಂಡರು. ಚಪ್ಪಾಳೆ ಬಿತ್ತು. ಅವರು ಕೂತ ಮೇಲೆ ಭಾವ ಎದ್ದರು.

"ಮೇಡಂ, ವರ್ತಕರದ್ದು ತಪ್ಪಿಲ್ಲ. ಮಾದರಿ ತಪ್ಪು. ಅದನ್ನ ಕೆಡಿಸಿದ್ದು ನಾನು." ಫೋಟೋದಿಂದ ಹಿಡಿದು ಸೌಟಿನ ತನಕ ಒಂದನ್ನೂ ಬಿಡದೆ ಹೇಳಿದರು. ಆ ಹೊತ್ತಿನಲ್ಲಿ ಭಾವ ಎಷ್ಟು ನೆಟ್ಟಗೆ ನಿಂತಿದ್ದರೆಂದರೆ, ಫೋಟೋಗ್ರಾಫರ್ ಇರಲಿಲ್ಲವಲ್ಲ ಎಂದು ನನಗೆ ಹೊಟ್ಟೆ ಉರಿಯಿತು.

ಹೊಸ ಅಧಿಕಾರಿ ನಿಯಮದ ಪುಸ್ತಕ ಮುಚ್ಚಿದರು. "ನಿಮ್ಮ ಭಾವಮೈದನ ಅಂಗಡಿ ಉಳಿಸೋಕೆ ಕಥೆ ಕಟ್ತಿದೀರಿ. ಸಾಕ್ಷಿ ಯಾರು? ನಿಮ್ಮ ಹೆಂಡತಿ, ಹೆಂಡತಿಯ ತಮ್ಮ! ನಿಯಮದ ಪ್ರಕಾರ ಮಾದರಿ ತಪ್ಪೋದಿಲ್ಲ. ಅದಕ್ಕೆ ಹೊಂದದೇ ಇರೋದೇ ತಪ್ಪು. ಬಿರಡೆ ತೆಗೆದು ನೋಡ್ಬೇಕಂದ್ರೆ ಮೇಲಿನ ಕಚೇರಿಯಿಂದ ಅನುಮತಿ ಬರ್ಬೇಕು. ಮೂರು ತಿಂಗಳು. ಅಲ್ಲಿ ತನಕ ಅಂಗಡಿಗಳು ಮುಚ್ಚಿರಲಿ."

ಹಜಾರ ಹೋ ಎಂದಿತು. ಮೊಳೆ ಅಂಗಡಿಯವನು ತಲೆಯ ಮೇಲೆ ಕೈ ಹೊತ್ತು ನೆಲದಲ್ಲೇ ಕೂತ.

"ಅನುಮತಿ ಬೇಡ ಮೇಡಂ" ಎಂದರು ಭಾವ. "ಏಳು ವಾರ, ದಿನಕ್ಕೆ ಮೂವತ್ತು ಸಲ, ಸರಿಯಾದ ಐದು ಕಿಲೋನ ಈ ತೋಳು ಎತ್ತಿದೆ. ನನ್ನ ಕಣ್ಣು ಕಟ್ಟಿ. ಐದು ಕಲ್ಲು ಇಡಿ. ಯಾವುದು ಸರಿ, ಯಾವುದು ತಪ್ಪು ಹೇಳ್ತೀನಿ."

"ನಿಯಮದಲ್ಲಿ ತೋಳು ಅಂತ ಇಲ್ಲ."

"ಬೇಡ ಅಂತನೂ ಇಲ್ಲವಲ್ಲ ಮೇಡಂ."

ಅಧಿಕಾರಿ ಮೇಲಕ್ಕೂ ಕೆಳಕ್ಕೂ ನೋಡಿದರು. ಪುಸ್ತಕದಲ್ಲಿ ನಿಜವಾಗಿಯೂ ಇರಲಿಲ್ಲ. ಬಂದವರು ಕೂರುವ ಬೆಂಚನ್ನು ಹಜಾರದ ನಡುವೆ ಎಳೆದರು. ಅಕ್ಕ ಚೀಲದಿಂದ ಪರದೆಯ ತುಂಡು ತೆಗೆದು ಗಂಡನ ಕಣ್ಣಿಗೆ ಬಿಗಿದಳು. ಭಾವ ಬಿಳಿ ಕೈಗವಸು ತೊಟ್ಟು, ಎಡ ಮೊಣಕಾಲು, ಎಡಗೈ ಬೆಂಚಿನ ಮೇಲೆ ಊರಿ, ಬೆನ್ನನ್ನು ಮೇಜಿನಂತೆ ಮಾಡಿ, ನಲವತ್ತು ವರ್ತಕರ ಕಡೆ ಹಿಂಭಾಗ ತಿರುಗಿಸಿ ಸಿದ್ಧರಾದರು. ಸರ್ಕಾರಿ ನೌಕರನೊಬ್ಬ ಸಾರ್ವಜನಿಕರಿಗೆ ತೋರಿಸಬೇಕಾದ ಭಂಗಿ ಅದಲ್ಲ. ಆದರೂ ಯಾರೂ ನಗಲಿಲ್ಲ.

ಅಧಿಕಾರಿ ತಾವೇ ವರ್ತಕರ ನಾಲ್ಕು ಕಲ್ಲುಗಳ ಜೊತೆ ಮಾದರಿಯನ್ನೂ ಕಲೆಸಿ ಒಂದೊಂದಾಗಿ ಕೈಗೆ ಕೊಟ್ಟರು. ಭಾವ ಮೊದಲನೆಯದನ್ನು ಸೊಂಟದ ತನಕ ಎಳೆದರು, ಇಳಿಸಿದರು. "ಸರಿ." ಎರಡನೆಯದು. "ಸರಿ." ಮೂರನೆಯದನ್ನು ಎರಡು ಸಲ ಎಳೆದರು. "ಸರಿ. ಹಿಡಿಗೆ ಬೆಲ್ಲ ಮೆತ್ತಿದೆ, ಇದು ನಮ್ಮ ಭಾವಮೈದಂದು. ಎಷ್ಟು ಸಲ ಹೇಳಿದೀನಿ ಒರೆಸಿಡು ಅಂತ!" ಅದು ನನ್ನದೇ ಆಗಿತ್ತು. ನಾಲ್ಕನೆಯದನ್ನು ಅರ್ಧಕ್ಕೆ ಎಳೆದವರು ನಿಂತುಬಿಟ್ಟರು. "ಇದು ಜಾಸ್ತಿ" ಎಂದರು. ದನಿ ಒಡೆದಿತ್ತು. "ಇದೇ ನನ್ನ ಮಾದರಿ."

ಅಧಿಕಾರಿ ಐದನೆಯದನ್ನು ಕೊಟ್ಟರು. ಭಾವ ಅದನ್ನು ಎಳೆದರು. ಕಣ್ಣುಪಟ್ಟಿಯ ಕೆಳಗೆ ಮೂಗು ಮುರಿದರು.

"ಇದು ಕಡಿಮೆ. ಐವತ್ತರವತ್ತು ಗ್ರಾಂ ಹೊಡೆದಿದಾರೆ. ಎಣ್ಣೆ ಜಿಡ್ಡೂ ಇದೆ."

ಎಲ್ಲರೂ ಎಣ್ಣೆ ವ್ಯಾಪಾರಿಯ ಕಡೆ ತಿರುಗಿದರು. ಎದೆ ಸೀಳಿ ನೋಡಲು ಹೇಳಿದ್ದ ಮಹಾನುಭಾವರು ಮೆಲ್ಲನೆ ಶರಟಿನ ಮೇಲಿನ ಗುಂಡಿ ಹಾಕಿಕೊಂಡರು.

ಹೊಸ ಅಧಿಕಾರಿ ನಿಯಮದ ಪುಸ್ತಕವನ್ನು ಮೇಜಿನ ಖಾನೆಯೊಳಗಿಟ್ಟು ಮುಚ್ಚಿದರು. "ನನ್ನ ಜವಾಬ್ದಾರಿ ಮೇಲೆ ತೆಗೀತಿದೀನಿ" ಎಂದು ತಾವೇ ಬಿರಡೆ ಎಬ್ಬಿಸಿದರು. ಗುಂಡುಗಳು ತಟ್ಟೆಗೆ ಉರುಳಿದವು. ಅವುಗಳಲ್ಲಿ ಆರಕ್ಕೆ ನಡುವೆ ದಾರ ಪೋಣಿಸುವ ಸಣ್ಣ ತೂತು. ಒಂದರಲ್ಲಿ ಅಕ್ಕನ ನೀಲಿ ದಾರ ಇನ್ನೂ ಜೋತಾಡುತ್ತಿತ್ತು. ಅಧಿಕಾರಿ ತಲೆಯೆತ್ತಿ ತಮ್ಮ ಕೋಣೆಯ ನೀಲಿ ಪರದೆ ನೋಡಿದರು. ಅದರ ಒಂದು ಮೂಲೆ ಫ್ಯಾನಿನ ಗಾಳಿಗೆ ಪಟಪಟ ಹಾರುತ್ತಿತ್ತು.

ಕೆಂಪು ಚೀಟಿಗಳನ್ನು ಭಾವನೇ ಒದ್ದೆ ಬಟ್ಟೆ ಹಿಡಿದು ಒಂದೊಂದಾಗಿ ಕೆರೆದು ತೆಗೆಯಬೇಕೆಂದು ಆದೇಶವಾಯಿತು. ಎಣ್ಣೆ ಅಂಗಡಿಯದೊಂದು ಅಲ್ಲೇ ಉಳಿಯಿತು. ನನ್ನ ಬಾಗಿಲಿಗೆ ಬಂದಾಗ ಆ ಅಕ್ಕಿಯ ಅಜ್ಜಿ ಅಲ್ಲೇ ಇದ್ದರು. ಭಾವ ಅವರ ಮುಂದೆ ನಿಂತು, "ತಪ್ಪು ನನ್ನದಮ್ಮಾ. ಇವರಪ್ಪಂದು ಮೂವತ್ತೊಂದು ವರ್ಷನೂ ಸರಿಯಾಗೇ ಇತ್ತು" ಎಂದರು. ನಾನು ಒಳಗೆ ಹೋಗಿ ಏನೋ ಹುಡುಕುವವನ ಹಾಗೆ ಮುಖ ಒರೆಸಿಕೊಂಡೆ.

ಕೆಲಸ ಹೋಗಲಿಲ್ಲ, ಬೀಗದ ಕೈ ಹೋಯಿತು. ಇಪ್ಪತ್ತಾರು ವರ್ಷ ಸೊಂಟದಲ್ಲಿದ್ದದ್ದನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಭಾವ ಅರ್ಜಿ ತೆಗೆದುಕೊಳ್ಳುವ ಕಿಟಕಿಗೆ ಹೋಗಿ ಕೂತರು. ಅದಕ್ಕೆ ಅವರು ತುಂಬ ನೊಂದರು. ಯಾರಿಗೂ ಹೇಳಲಿಲ್ಲ, ಆದರೆ ತಿಂಗಳುಗಟ್ಟಲೆ ಅವರ ಕೈ ಆಗಾಗ ಸೊಂಟ ತಡಕುತ್ತಿತ್ತು. ವರ್ತಕರೆಲ್ಲ ಸೇರಿ ಅವರಿಗೊಂದು ಐದು ಕಿಲೋ ಡಂಬಲ್ ಕೊಟ್ಟರು. ಅದನ್ನು ಸರಿಯಾಗಿ ತೂಗಿ, ತುದಿಗೆ ಮುದ್ರೆ ಒತ್ತಿಕೊಟ್ಟವರು ಹೊಸ ಅಧಿಕಾರಿಯೇ.

ಅದನ್ನು ಕೊಡುವ ದಿನ ಕಚೇರಿಯ ಮೆಟ್ಟಿಲ ಮೇಲೆ ಫೋಟೋ. ಅದೇ ಫೋಟೋಗ್ರಾಫರ್. ಭಾವನನ್ನು ನಡುವೆ ನಿಲ್ಲಿಸಿದ್ದೆವು. ಅವರು ಎದೆ ಸೆಟೆಸಿ, ಬೆನ್ನು ಗೋಡೆಯ ಹಾಗೆ ಮಾಡಿಕೊಂಡು ಕಾದರು. ಫೋಟೋಗ್ರಾಫರ್ ತಲೆಯೆತ್ತಿ, "ಸಾರ್" ಎಂದ. ಅಜ್ಜ ಎನ್ನಲಿಲ್ಲ. ಭಾವನ ಮುಖ ಅರಳಿತು. "ಸಾರ್, ಬೆನ್ನು ಭರ್ಜರಿಯಾಗಿದೆ. ಆದ್ರೆ ಸ್ವಲ್ಪ ಎಡಕ್ಕೆ ವಾಲಿದೀರಿ."

ವಾಲಿಲ್ಲ ಎಂದರು ಭಾವ. ನೋಡಿದರೆ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಮೇಲಿದೆ. ಇಳಿಸಲು ಹೋದರೆ ಇಳಿಯುವುದಿಲ್ಲ. ಅಕ್ಕ ಅನುಮಾನದಿಂದ ಅವರ ಜೇಬಿನಲ್ಲಿ ಮಡಚಿಟ್ಟಿದ್ದ ಡಾಕ್ಟರಮ್ಮನ ಹಾಳೆ ಎಳೆದು ತೆಗೆದು, ಹಿಂಬದಿ ತಿರುಗಿಸಿದಳು. ಅಲ್ಲಿ ಒಂದೇ ಸಾಲಿತ್ತು: ಇದನ್ನೇ ಈಗ ಎಡಗೈಯಲ್ಲಿ ಮಾಡಿ.

ಏಳು ವಾರ ಹಾಳೆ ತಿರುವದ ಮನುಷ್ಯ ಆ ಸಾಲನ್ನು ಎರಡು ಸಲ ಓದಿದರು. ಕೊನೆಗೆ ಫೋಟೋಗ್ರಾಫರನಿಗೇ ಕನಿಕರವಾಗಿ, "ಇರ್ಲಿ ಬಿಡಿ ಸಾರ್, ನೀವು ಹಾಗೇ ಇರಿ. ನಾನು ಕ್ಯಾಮೆರಾ ಹೊಂದಿಸ್ಕೋತೀನಿ" ಎಂದು, ಭಾವ ನೆಟ್ಟಗೆ ಕಾಣುವಷ್ಟು ಕ್ಯಾಮೆರಾವನ್ನು ಓರೆ ಹಿಡಿದು ಚಿತ್ರ ತೆಗೆದ.

ಆ ಫೋಟೋ ಈಗ ನನ್ನ ಅಂಗಡಿಯಲ್ಲಿ ತಕ್ಕಡಿಯ ಮೇಲೆ ತೂಗುತ್ತಿದೆ. ಅದರಲ್ಲಿ ಹೊಸ ಅಧಿಕಾರಿ ಓರೆ, ನಾನೂ ಸೇರಿ ಮೂವತ್ತೊಂಬತ್ತು ವರ್ತಕರು ಓರೆ, ಅಕ್ಕ ಓರೆ, ಸರ್ಕಾರಿ ಕಟ್ಟಡವೂ ಓರೆ. ಇದೇನ್ರೀ ಎಲ್ಲರೂ ಹೀಗೆ ವಾಲಿದೀರಿ ಎಂದು ಗಿರಾಕಿಗಳು ಕೇಳುತ್ತಾರೆ. ನಾನು ಕಲ್ಲು ಒರೆಸಿ ತಟ್ಟೆಗಿಡುತ್ತ, ನಡುವೆ ನೆಟ್ಟಗೆ ನಿಂತವರನ್ನು ತೋರಿಸಿ, "ಅವರು ನಮ್ಮ ಭಾವ. ಮಾದರಿ" ಎನ್ನುತ್ತೇನೆ.